ಫೇರೋಗಳ ಮನೆಯ ಅಣ್ಣ-ತಂಗಿ ಮದುವೆ: ಬಿರುದು, ಮಮ್ಮಿ, ಲೆಕ್ಕಾಚಾರ

ಫೇರೋಗಳು, ಅಂದರೆ ಪ್ರಾಚೀನ ಈಜಿಪ್ಟಿನ ರಾಜರು, ತಂಗಿಯನ್ನೇ ಮದುವೆಯಾಗುತ್ತಿದ್ದರು ಎಂಬ ಮಾತಿನಲ್ಲಿ ಅರ್ಧ ನಿಜ, ಅರ್ಧ ಉತ್ಪ್ರೇಕ್ಷೆ. ಮೂರು ಸಾವಿರ ವರ್ಷದಲ್ಲಿ ಮೂವತ್ತರ ಮೇಲೆ ರಾಜವಂಶಗಳು ಆಳಿದವು. ಅಷ್ಟರಲ್ಲಿ ಇಂಥ ಮದುವೆಗಳು ಒತ್ತಾಗಿ ಕಾಣಿಸುವುದು ಎರಡೇ ಕಡೆ: 17ನೇ ವಂಶದ ಕೊನೆಯಿಂದ 18ನೇ ವಂಶದ ಆರಂಭದವರೆಗೆ, ಆಮೇಲೆ ಗ್ರೀಕ್ ಮೂಲದ ಟಾಲೆಮಿಗಳ ಕಾಲದಲ್ಲಿ. ಉಳಿದಂತೆ ಅಲ್ಲೊಂದು ಇಲ್ಲೊಂದು.

ಯಾರು ಯಾರ ಸೋದರಿ ಎಂದು ಪತ್ತೆ ಹಚ್ಚುವುದು ರಾಣಿಯರ ಬಿರುದುಗಳಿಂದ. ಶವಪೆಟ್ಟಿಗೆ, ಶಿಲಾಫಲಕಗಳ ಮೇಲೆ ಹೆಸರಿನ ಜೊತೆ ‘ರಾಜನ ಮಗಳು’, ‘ರಾಜನ ಸೋದರಿ’, ‘ರಾಜನ ಹೆಂಡತಿ’, ‘ರಾಜನ ತಾಯಿ’ ಎಂದು ಕೆತ್ತಿರುತ್ತಾರೆ. ‘ಹೆಂಡತಿ’ ಇದ್ದು ‘ಮಗಳು’ ಎಲ್ಲೂ ಇಲ್ಲದಿದ್ದರೆ ಅವಳು ಹೊರಗಿನಿಂದ ಬಂದ ಸೊಸೆ ಎಂದೇ ಲೆಕ್ಕ. ಮೊದಲ ಮೂರೂ ಇದ್ದರೆ, ಒಂದನೇ ಅಹ್ಮೋಸ್‌ನ ರಾಣಿ ಅಹ್ಮೋಸ್-ನೆಫರ್ತಾರಿಯ ಹಾಗೆ, ರಾಜನ ಸೋದರಿಯೇ ಎನ್ನಬಹುದು. ಆದರೆ ಎಡವುವುದೂ ಇಲ್ಲೇ. ಯಾವ ರಾಜನ ಮಗಳು ಎಂದು ಬಿರುದು ಹೇಳುವುದಿಲ್ಲ. ಸೋದರಿ ಎಂದರೆ ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವಳೋ ಬೇರೆ ತಾಯಿಯವಳೋ ಎಂಬುದನ್ನೂ ಹೇಳುವುದಿಲ್ಲ. ಹ್ಯಾಟ್‌ಶೆಪ್ಸುತ್ ತನ್ನ ಗಂಡ ಎರಡನೇ ಥುಟ್‌ಮೋಸ್‌ಗೆ ಮಲಸೋದರಿ ಎಂದು ಖಚಿತವಾಗಿ ಹೇಳಲು ಆಗುವುದು ಇಬ್ಬರ ತಾಯಂದಿರ ಹೆಸರೂ ಉಳಿದಿರುವುದರಿಂದ. ಅವಳ ತಾಯಿ ಅಹ್ಮೋಸ್ ಎಂಬ ರಾಣಿ (ಮೇಲೆ ಹೇಳಿದ ರಾಜನಲ್ಲ), ಅವನ ತಾಯಿ ಮುತ್ನೋಫ್ರೆತ್, ತಂದೆ ಮಾತ್ರ ಒಬ್ಬನೇ.

ಸಿಂಹಾಸನದ ಹಕ್ಕು ಹೆಣ್ಣುಮಕ್ಕಳ ಮೂಲಕ ಹರಿಯುತ್ತಿತ್ತು, ಅದಕ್ಕೇ ರಾಜಕುಮಾರ ಅಕ್ಕತಂಗಿಯರನ್ನು ಕಟ್ಟಿಕೊಳ್ಳಲೇಬೇಕಿತ್ತು ಎಂಬ ಹಳೆಯ ವಿವರಣೆ ಈಗಲೂ ಓಡಾಡುತ್ತಿದೆ. ಅದನ್ನು ಕೈಬಿಡುವುದೇ ಒಳ್ಳೆಯದು. ಮೂರನೇ ಅಮೆನ್‌ಹೊಟೆಪ್ ತನ್ನ ಪಟ್ಟದರಾಣಿ ತಿಯೆಯ ತಂದೆ ಯುಯಾ, ತಾಯಿ ಥುಯಾ ಎಂದು ದುಂಬಿಯಾಕಾರದ ಸ್ಮಾರಕ ಮುದ್ರೆಗಳ ಮೇಲೆ ಕೆತ್ತಿಸಿ ಊರೂರಿಗೆ ಹಂಚಿದ. ಆ ದಂಪತಿ ರಾಜವಂಶದವರಲ್ಲ. ಮೂರನೇ ಥುಟ್‌ಮೋಸ್‌ನ ತಾಯಿ ಐಸಿಸ್ ಕೂಡ ರಾಜನ ಮಗಳಲ್ಲ. ಹಕ್ಕು ಹೆಣ್ಣಿನ ಕಡೆಯಿಂದ ಬರುವುದಾಗಿದ್ದರೆ ಇವರಿಬ್ಬರ ಮಕ್ಕಳೂ ಪಟ್ಟಕ್ಕೆ ಏರುತ್ತಿರಲಿಲ್ಲ.

ನನಗೆ ಹೆಚ್ಚು ಒಪ್ಪಿಗೆಯಾಗುವ ಕಾರಣ ಬೇರೆ. ಈಜಿಪ್ಟ್ ತನ್ನ ರಾಜಕುಮಾರಿಯರನ್ನು ಪರದೇಶಕ್ಕೆ ಕೊಡುತ್ತಿರಲಿಲ್ಲ. ಬ್ಯಾಬಿಲೋನಿನ ದೊರೆ ಕಡಶ್‌ಮನ್-ಎನ್ಲಿಲ್ ಹೆಣ್ಣು ಕೇಳಿದಾಗ ಮೂರನೇ ಅಮೆನ್‌ಹೊಟೆಪ್ ಕೊಟ್ಟ ಉತ್ತರ ಈಜಿಪ್ಟಿನ ಅಮರ್ನಾ ಎಂಬಲ್ಲಿ ದೊರೆತ ಮಣ್ಣಿನ ಹಲಗೆಯ ಪತ್ರಗಳಲ್ಲಿ ಸಿಕ್ಕಿದೆ: ಹಿಂದಿನಿಂದಲೂ ನಮ್ಮ ರಾಜನ ಮಗಳನ್ನು ಯಾರಿಗೂ ಕೊಟ್ಟಿಲ್ಲ. ಅದಕ್ಕೆ ಆತ, ಹಾಗಾದರೆ ಯಾರಾದರೂ ಚೆಂದದ ಹೆಂಗಸನ್ನು ನಿಮ್ಮ ಮಗಳೆಂದು ಕಳಿಸಿ, ಅಲ್ಲ ಎನ್ನುವವರು ಯಾರು ಎಂದು ಬರೆದ! ದೇಶದೊಳಗಿನ ಶ್ರೀಮಂತರಿಗೆ ಕೊಟ್ಟರೆ ಅಳಿಯನೂ ಅವನ ಮಕ್ಕಳೂ ನಾಳೆ ಪಟ್ಟಕ್ಕೆ ಕೈ ಹಾಕಿಯಾರು ಎಂಬ ಭಯ. ಹಾಗಾಗಿ ಅಣ್ಣತಮ್ಮಂದಿರಲ್ಲೇ ಒಬ್ಬನಿಗೆ ಕೊಡಬೇಕು, ಇಲ್ಲವೆ ಮದುವೆಯಿಲ್ಲದೆ ಉಳಿಸಬೇಕು. ಒಸಿರಿಸ್ ದೇವರು ತಂಗಿ ಐಸಿಸ್ ದೇವತೆಯನ್ನು ವರಿಸಿದ ಕಥೆ ಬೆನ್ನಿಗಿತ್ತು, ‘ರಾಜ ನಮ್ಮ ನಿಮ್ಮಂಥವನಲ್ಲ’ ಎಂದು ತೋರಿಸಿಕೊಳ್ಳಲೂ ಅನುಕೂಲ.

ಇನ್ನು ರಕ್ತದ ವಿಚಾರ. ಪ್ರತಿ ಜೀನ್‌ನ ಒಂದು ಪ್ರತಿ ಅಪ್ಪನಿಂದ, ಒಂದು ಅಮ್ಮನಿಂದ ಬರುತ್ತದೆ. ಎರಡೂ ಒಬ್ಬರೇ ಪೂರ್ವಜರ ಒಂದೇ ಪ್ರತಿಯ ನಕಲಾಗಿರುವ ಸಂಭವ ಒಡಹುಟ್ಟಿದವರ ಮಗುವಿಗೆ 1/4, ತಂದೆ ಒಬ್ಬನೇ ತಾಯಿ ಬೇರೆಯಾದವರ ಮಗುವಿಗೆ 1/8, ಅತ್ತೆ ಮಗಳು–ಮಾವನ ಮಗನ ಮಗುವಿಗೆ 1/16. ನಮ್ಮಲ್ಲಿ ಸೋದರಮಾವ ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿ ಇದೆಯಲ್ಲ, ಆ ಮಗುವಿನದೂ 1/8. ಹ್ಯಾಟ್‌ಶೆಪ್ಸುತ್‌ಳ ಮದುವೆಗೆ ಮೂಗು ಮುರಿಯುವ ಮುಂಚೆ ಇದೊಂದು ನೆನಪಿರಲಿ.

ತುತಾಂಖಾಮುನ್‌ನ ಲೆಕ್ಕ ಇನ್ನೂ ಬಿಗಿ. 2010ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆ ಪ್ರಕಾರ ಅವನ ತಂದೆ ‘ರಾಜರ ಕಣಿವೆ’ಯ 55ನೇ ಸಮಾಧಿಯಲ್ಲಿ (ಕೆವಿ55) ಸಿಕ್ಕ ಮಮ್ಮಿ, ತಾಯಿ 35ನೇ ಸಮಾಧಿಯ (ಕೆವಿ35) ‘ಕಿರಿಯ ಮಹಿಳೆ’. ಇಬ್ಬರೂ ಮೂರನೇ ಅಮೆನ್‌ಹೊಟೆಪ್ ಮತ್ತು ತಿಯೆಯ ಮಕ್ಕಳು. ಅಂದರೆ ನಾಲ್ವರು ಅಜ್ಜ-ಅಜ್ಜಿಯರ ಬದಲು ಅವನಿಗೆ ಇದ್ದದ್ದು ಇಬ್ಬರೇ. ಅವನ ಸಮಾಧಿಯಲ್ಲಿ ಪುಟ್ಟ ಶವಪೆಟ್ಟಿಗೆಗಳಲ್ಲಿ ಎರಡು ಹೆಣ್ಣು ಭ್ರೂಣಗಳೂ ಸಿಕ್ಕವು, ಒಂದು ಸುಮಾರು ಐದು ತಿಂಗಳದು, ಇನ್ನೊಂದು ದಿನ ತುಂಬುತ್ತ ಬಂದದ್ದು. ಇವುಗಳ ತಾಯಿ ಅವನ ಹೆಂಡತಿಯೂ ಮಲಸೋದರಿಯೂ ಆದ ಅಂಖೆಸೆನಾಮುನ್ ಎಂದಿಟ್ಟುಕೊಳ್ಳಿ. ಅವಳ ತಂದೆ ಮೂರನೇ ಅಮೆನ್‌ಹೊಟೆಪ್‌ನ ಮಗ ಅಖೆನಾತೆನ್. ಕೆವಿ55ರ ಮಮ್ಮಿ ಅವನೇ ಆದರೆ, ಭ್ರೂಣಗಳ ಲೆಕ್ಕ ಹೀಗೆ: ತುತ್‌ನ ತಂದೆಯ ಕಡೆಯಿಂದ 1/8, ತುತ್‌ನ ತಾಯಿ ಅಖೆನಾತೆನ್‌ನ ಒಡಹುಟ್ಟಿದವಳಾದ್ದರಿಂದ ಆ ಕಡೆಯಿಂದ ಇನ್ನೂ 1/16, ಕೂಡಿದರೆ 3/16. ಮಲಸೋದರರ ಮಾಮೂಲಿ ಲೆಕ್ಕಕ್ಕಿಂತ ಒಂದೂವರೆ ಪಟ್ಟು. ಕೆವಿ55ರ ಮೂಳೆಗಳು ಇಪ್ಪತ್ತರ ಆಸುಪಾಸಿನವನವು ಎನ್ನುವ ತಜ್ಞರೂ ಇದ್ದಾರೆ. ಆತ ಅಖೆನಾತೆನ್ ಅಲ್ಲ, ಅವನ ತಮ್ಮ ಎಂದಾದರೆ ಉತ್ತರ 1/8ಕ್ಕೆ ಇಳಿಯುತ್ತದೆ. ಪರೀಕ್ಷಿಸಿದ್ದು ಎಂಟೇ ಡಿಎನ್‌ಎ ಗುರುತುಗಳನ್ನು. ತಲೆಮಾರುಗಳ ಸೋದರಿಕೆ (ಅತ್ತೆ-ಮಾವನ ಮಕ್ಕಳಂಥವರ) ಮದುವೆಯಿಂದಲೂ ಇಂಥದೇ ಚಿತ್ರ ಮೂಡಬಹುದು ಎಂಬ ವಾದವೂ ಇದೆ.

ಭ್ರೂಣಗಳು ಬದುಕಿ ಉಳಿಯದೆ ಹೋದದ್ದು ರಕ್ತಸಂಬಂಧದ ಮದುವೆಯಿಂದಲೇ ಎಂದು ಹೇಳಲು ಆಧಾರವಿಲ್ಲ. ತುತ್‌ನ ಮಮ್ಮಿಯಲ್ಲಿ ಕಂಡ ಕಾಲಿನ ದೋಷವೂ ಹಾಗೇ. ಸಮಾಧಿಯಲ್ಲಿ ಸುಮಾರು 130 ಕೋಲುಗಳಿದ್ದದ್ದು ನಿಜ, ಆದರೆ ಕೋಲು ಅಲ್ಲಿ ಅಧಿಕಾರದ ಗುರುತೂ ಹೌದು. ಅವನಿಗೆ ಮಲೇರಿಯಾ ತಗುಲಿದ್ದಕ್ಕೆ ಅದೇ ಪರೀಕ್ಷೆಯಲ್ಲಿ ಕುರುಹು ಸಿಕ್ಕಿದೆ.

ಇದನ್ನೆಲ್ಲ ಪದ್ಧತಿಯಾಗಿಸಿದವರು ಟಾಲೆಮಿಗಳು. ಎರಡನೇ ಟಾಲೆಮಿ ಕ್ರಿ.ಪೂ. 270ರ ದಶಕದಲ್ಲಿ ಸ್ವಂತ ಅಕ್ಕ ಎರಡನೇ ಆರ್ಸಿನೋಯೆಯನ್ನು ಮದುವೆಯಾದ. ಗ್ರೀಕರಿಗೆ ಇದು ಅಸಹ್ಯ. ಆಸ್ಥಾನ ಕವಿ, ಒಡಹುಟ್ಟಿದವರಾಗಿಯೂ ಗಂಡ-ಹೆಂಡತಿಯಾದ ಗ್ರೀಕ್ ದೇವತೆಗಳಾದ ಜ್ಯೂಸ್–ಹೇರಾಗೆ ಹೋಲಿಸಿ ಹೊಗಳಿದ; ಲೇವಡಿ ಮಾಡಿದ ಕವಿ ಸೋಟಾಡೀಸ್‌ನನ್ನು ಸೀಸದ ಪೆಟ್ಟಿಗೆಯಲ್ಲಿಟ್ಟು ಸಮುದ್ರಕ್ಕೆ ಎಸೆದರಂತೆ. ತಮಾಷೆ ಎಂದರೆ ಆ ಮದುವೆಯಲ್ಲಿ ಮಕ್ಕಳೇ ಆಗಲಿಲ್ಲ. ಮುಂದಿನ ರಾಜ ಹುಟ್ಟಿದ್ದು ಮೊದಲ ಹೆಂಡತಿಗೆ. ಆ ಮೂರನೇ ಟಾಲೆಮಿ ಕಟ್ಟಿಕೊಂಡದ್ದು ದೊಡ್ಡಪ್ಪನ ಮಗಳನ್ನು, ಶಾಸನಗಳಲ್ಲಿ ಮಾತ್ರ ಅವಳೂ ‘ಸೋದರಿ’! ಈ ವಂಶದಲ್ಲಿ ಒಡಹುಟ್ಟಿದವರ ಮಗನಾಗಿ ಪಟ್ಟಕ್ಕೆ ಬಂದವರಲ್ಲಿ ಮೊದಲಿಗ ಐದನೇ ಟಾಲೆಮಿ, ಕ್ರಿ.ಪೂ. 210ರಲ್ಲಿ ಹುಟ್ಟಿದವನು. ಅವನು ಸಿರಿಯಾದ ಸೆಲ್ಯೂಸಿಡ್ ಮನೆಯ ಹೆಣ್ಣು ತಂದ. ಒಂದು ಹೊರಗಿನ ಮದುವೆ ಸಾಕು, ಮಗುವಿನ ಲೆಕ್ಕ ಹೆಚ್ಚುಕಡಿಮೆ ಸೊನ್ನೆಗೆ ಬರುತ್ತದೆ. ಅಪ್ಪನ 1/4 ಮಗನಿಗೆ ದಾಟುವುದಿಲ್ಲ. ಇಂಥ ಮದುವೆಗಳ ನಡುವೆಯೂ ಈ ವಂಶ ಸುಮಾರು ಮುನ್ನೂರು ವರ್ಷ ಬಾಳಿದ್ದಕ್ಕೆ ಇದೂ ಒಂದು ಕಾರಣ.

ಸಾಮಾನ್ಯ ಜನರ ಅಣ್ಣ-ತಂಗಿ ಮದುವೆಗಳು ದಾಖಲೆಯಲ್ಲಿ ಹೇರಳವಾಗಿ ಸಿಗುವುದು ಫೇರೋಗಳೆಲ್ಲ ಮುಗಿದ ಮೇಲೆ, ರೋಮನ್ ಆಳ್ವಿಕೆಯಲ್ಲಿ. 14 ವರ್ಷಕ್ಕೊಮ್ಮೆ ನಡೆಯುತ್ತಿದ್ದ ಜನಗಣತಿಯ ಪಪೈರಸ್‌ಗಳಲ್ಲಿ ಸುಮಾರು ಆರರಲ್ಲಿ ಒಂದು ಮದುವೆ ಇಂಥದ್ದು. ರೋಮನ್ ಪೌರರಿಗೆ ಇದು ನಿಷಿದ್ಧವಾಗಿತ್ತು, ಕ್ರಿ.ಶ. 212ರಲ್ಲಿ ಚಕ್ರವರ್ತಿ ಕ್ಯಾರಕಲ್ಲಾ ಸಾಮ್ರಾಜ್ಯದ ಬಹುತೇಕ ಎಲ್ಲರಿಗೂ ಪೌರತ್ವ ಕೊಟ್ಟಾಗ ನಿಷೇಧವೂ ಅದರ ಜೊತೆಗೇ ಬಂತು.