‘ದೇವರಿಲ್ಲ ಅನ್ನೋದೂ ಒಂದು ನಂಬಿಕೆ ತಾನೆ?’

ನಾಸ್ತಿಕತೆಯ ಬಗ್ಗೆ ಬರೆಯುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕೆಲವರು ತಿಳಿಯಬೇಕೆಂದೇ ಕೇಳುತ್ತಾರೆ. ಇನ್ನು ಕೆಲವರಿಗೆ ‘ಹಾಗಾದರೆ ನೀವೂ ನಮ್ಮ ಹಾಗೇ’ ಎಂದು ಮಾತು ಮುಗಿಸಬೇಕಿರುತ್ತದೆ. ಇಬ್ಬರಿಗೂ ನನ್ನ ಉತ್ತರ ಒಂದೇ: ನಾಸ್ತಿಕತೆಯ ಒಂದು ಬಗೆ ನಂಬಿಕೆ ಹೌದು, ಇನ್ನೊಂದು ಬಗೆ ಅಲ್ಲ. ನಂಬಿಕೆಗಳ ವ್ಯವಸ್ಥೆಯಂತೂ ಎರಡೂ ಅಲ್ಲ.

‘ದೇವರಿದ್ದಾನೆ ಎಂದು ನಾನು ನಂಬುವುದಿಲ್ಲ.’ ‘ದೇವರಿಲ್ಲ ಎಂದು ನಾನು ನಂಬುತ್ತೇನೆ.’ ಮಾತಿನ ಓಟದಲ್ಲಿ ಈ ಎರಡೂ ಒಂದೇ ಎನಿಸುತ್ತವೆ. ‘ಇಲ್ಲ’ ಎಲ್ಲಿ ಕೂತಿದೆ ಎಂದು ಗಮನಿಸಿ. ಮೊದಲನೆಯದರಲ್ಲಿ ಅದು ನಂಬುವ ಕ್ರಿಯೆಗೆ ಅಂಟಿಕೊಂಡಿದೆ, ಎರಡನೆಯದರಲ್ಲಿ ದೇವರಿಗೆ. 1972ರಲ್ಲಿ ಆ್ಯಂಟನಿ ಫ್ಲೂ ಎಂಬ ತತ್ತ್ವಶಾಸ್ತ್ರಜ್ಞ ಇವಕ್ಕೆ ಕ್ರಮವಾಗಿ ನಕಾರಾತ್ಮಕ ನಾಸ್ತಿಕತೆ, ಸಕಾರಾತ್ಮಕ ನಾಸ್ತಿಕತೆ ಎಂದು ಹೆಸರಿಟ್ಟ. ಮೊದಲನೆಯದು ಬರೀ ಒಪ್ಪದಿರುವುದು. ಎರಡನೆಯದು ಜಗತ್ತಿನ ಬಗ್ಗೆ ಒಂದು ಹೇಳಿಕೆ, ಆದ್ದರಿಂದ ಅದಕ್ಕೆ ಸಮರ್ಥನೆ ಕೊಡಬೇಕಾದವರು ನಾಸ್ತಿಕರೇ.

‘ಇಲ್ಲ ಎನ್ನುವುದನ್ನು ಸಾಧಿಸಲು ಆಗುವುದೇ ಇಲ್ಲ’ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಅದು ತಪ್ಪು. ಈ ವಿಷಯವನ್ನು ಕುಮಾರಿಲ ಭಟ್ಟನ ಪರಂಪರೆಯ ಮೀಮಾಂಸಕರು, ಅಂದರೆ ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ದಾರ್ಶನಿಕರು, ಎಂದೋ ಬಿಡಿಸಿಟ್ಟಿದ್ದಾರೆ. ನೆಲದ ಮೇಲೆ ಮಡಕೆ ಇಲ್ಲ ಎಂದು ಹೇಗೆ ಗೊತ್ತಾಗುತ್ತದೆ? ಬೆಳಕಿದೆ, ಕಣ್ಣು ಸರಿಯಿದೆ, ಮಡಕೆ ಇದ್ದಿದ್ದರೆ ಕಾಣಲೇಬೇಕಿತ್ತು, ಕಾಣುತ್ತಿಲ್ಲ. ಹಾಗಾಗಿ ಅದಿಲ್ಲ. ಕತ್ತಲಾಗಿದ್ದರೆ ಈ ತೀರ್ಮಾನ ನಿಲ್ಲುವುದಿಲ್ಲ. ಕಣ್ಣಿಗೇ ಬೀಳದ ಪಿಶಾಚಿಯ ವಿಷಯದಲ್ಲಂತೂ ಬೆಳಕಿದ್ದರೂ ನಿಲ್ಲುವುದಿಲ್ಲ. ಇದ್ದರೆ ತಿಳಿಯಲೇಬೇಕಾದದ್ದು ತಿಳಿಯದಿರುವುದಕ್ಕೆ ಅವರು ಯೋಗ್ಯಾನುಪಲಬ್ಧಿ ಎನ್ನುತ್ತಾರೆ.

ಇದನ್ನು ದೇವರ ಪ್ರಶ್ನೆಗೆ ಹಚ್ಚಿದರೆ ಬಹಳಷ್ಟು ಗೊಂದಲ ಕರಗುತ್ತದೆ. ಪ್ರಾರ್ಥಿಸಿದರೆ ರೋಗ ವಾಸಿ ಮಾಡುವ ದೇವರು ಇದ್ದರೆ ಅದರ ಗುರುತು ರೋಗಿಗಳಲ್ಲಿ ಕಾಣಬೇಕು. ಅಂಥ ದೇವರ ಬಗ್ಗೆ ಪರೀಕ್ಷಿಸಿ ‘ಇಲ್ಲ’ ಎನ್ನಬಹುದು. ಯಾವ ಗುಣವೂ ಇಲ್ಲದ, ಯಾವುದರಲ್ಲೂ ಕೈಹಾಕದ ದೇವರ ಬಗ್ಗೆ ‘ಒಪ್ಪಲು ಕಾರಣ ಕಾಣುತ್ತಿಲ್ಲ’ ಎನ್ನಬಹುದು, ಅಷ್ಟೇ. ಅಂದರೆ ಒಬ್ಬರೇ ವ್ಯಕ್ತಿ ಒಂದು ಬಗೆಯ ದೇವರ ವಿಷಯದಲ್ಲಿ ಸಕಾರಾತ್ಮಕ ನಾಸ್ತಿಕರೂ ಇನ್ನೊಂದರ ವಿಷಯದಲ್ಲಿ ನಕಾರಾತ್ಮಕ ನಾಸ್ತಿಕರೂ ಆಗಿರಬಹುದು. ಆದ್ದರಿಂದ ವಾದಕ್ಕೆ ಇಳಿಯುವ ಮೊದಲು ‘ಯಾವ ದೇವರು?’ ಎಂದು ಕೇಳಿಕೊಳ್ಳಿ. ಇದನ್ನು ಬಿಟ್ಟುದರಿಂದಲೇ ಹೆಚ್ಚಿನ ವಾದಗಳು ದಾರಿ ತಪ್ಪುತ್ತವೆ.

ನಾಸ್ತಿಕರು ಮಾಡುವ ತಪ್ಪನ್ನೂ ಹೇಳಬೇಕು. ಸಮರ್ಥನೆ ಕೇಳಿದಾಗ ‘ನನ್ನದು ಬರೀ ಒಪ್ಪದಿರುವುದು’ ಎನ್ನುವುದು, ಮರುಕ್ಷಣ ‘ದೇವರೆಲ್ಲ ಮನುಷ್ಯನ ಕಲ್ಪನೆ’ ಎನ್ನುವುದು. ಎರಡನೆಯ ಮಾತು ಆಡಿದ ಮೇಲೆ ಮೊದಲನೆಯದರ ಹಿಂದೆ ಅಡಗುವಂತಿಲ್ಲ.

ಇನ್ನು ‘ವ್ಯವಸ್ಥೆ’. ನಂಬಿಕೆಗಳ ವ್ಯವಸ್ಥೆ ಎಂದರೆ ಒಂದಕ್ಕೊಂದು ಹೆಣೆದುಕೊಂಡ ಹಲವು ಉತ್ತರಗಳು: ಜಗತ್ತು ಹೇಗಾಯಿತು, ಸತ್ತ ಮೇಲೆ ಏನು, ಹೇಗೆ ಬಾಳಬೇಕು. ನಾಸ್ತಿಕತೆ ಉತ್ತರಿಸುವುದು ಒಂದೇ ಪ್ರಶ್ನೆಗೆ. ಮೀಮಾಂಸಕರಿಗೆ ಸೃಷ್ಟಿಕರ್ತ ಬೇಕಿರಲಿಲ್ಲ, ಆದರೆ ವೇದ ಪ್ರಮಾಣ, ಯಜ್ಞ ಕರ್ತವ್ಯ. ಜೈನರಿಗೂ ಸೃಷ್ಟಿಕರ್ತನಿಲ್ಲ, ವೇದ ಪ್ರಮಾಣವಲ್ಲ, ಆದರೆ ಕರ್ಮ, ಪುನರ್ಜನ್ಮ, ಮೋಕ್ಷ ಇವೆ. ಭೌತವಾದಿಗಳಾದ ಚಾರ್ವಾಕರಿಗೆ ಇವು ಯಾವುವೂ ಇಲ್ಲ. ಸೃಷ್ಟಿಕರ್ತನನ್ನು ಬಿಟ್ಟ ಈ ಮೂವರನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಹೇಗೆ ಬಾಳಬೇಕೆಂಬ ವಿಷಯದಲ್ಲಿ ಒಮ್ಮತ ಬರುವುದಿಲ್ಲ. ಸೃಷ್ಟಿಕರ್ತನ ನಿರಾಕರಣೆಯೇ ಒಂದು ವ್ಯವಸ್ಥೆಯಾಗಿದ್ದರೆ ಹೀಗಾಗುತ್ತಿರಲಿಲ್ಲ.

ಅಂದಹಾಗೆ, ‘ನಾಸ್ತಿಕ’ ಪದವೂ ಗೊಂದಲಕ್ಕೆ ತನ್ನ ಪಾಲು ಸೇರಿಸಿದೆ. ಸಂಸ್ಕೃತ ವ್ಯಾಕರಣಕಾರ ಪಾಣಿನಿಯ ಸೂತ್ರದ (4.4.60) ಪ್ರಕಾರ ‘ನಾಸ್ತಿ’ ಎಂಬ ಮತಿ ಉಳ್ಳವನು ನಾಸ್ತಿಕ, ಮತಿ ಎಂದರೆ ಅಭಿಪ್ರಾಯ. ಅಲ್ಲಿಗೆ ಪದದೊಳಗೇ ಒಂದು ನಿಲುವು ಸೇರಿಕೊಂಡಿತು. ಯಾವುದು ‘ಇಲ್ಲ’ ಎಂದರೆ, ಪಾಣಿನಿಯ ಸೂತ್ರಗಳ ಮೇಲಿನ ಕಾಶಿಕಾ ವ್ಯಾಖ್ಯಾನ ಹೇಳುವುದು ಪರಲೋಕವನ್ನು. ಮನುಸ್ಮೃತಿ (2.11) ವೇದನಿಂದಕನನ್ನು ನಾಸ್ತಿಕ ಎನ್ನುತ್ತದೆ. ದೇವರ ಮಾತು ಎರಡೂ ಕಡೆ ಇಲ್ಲ.

ನಾಸ್ತಿಕತೆಯ ಜೊತೆ ಬೇರೆ ನಿಲುವುಗಳು ಸೇರಿದಾಗ ವ್ಯವಸ್ಥೆ ಹುಟ್ಟುತ್ತದೆ. 1952ರಲ್ಲಿ ಆಮ್‌ಸ್ಟರ್‌ಡ್ಯಾಮ್‌ ಘೋಷಣೆ ಹೊರಡಿಸಿದ ಮಾನವತಾವಾದಿಗಳಿಗೆ ನೀತಿ, ವಿಜ್ಞಾನ, ಪ್ರಜಾಪ್ರಭುತ್ವದ ಬಗ್ಗೆ ನಿಲುವುಗಳಿದ್ದವು. ಅದನ್ನು ನಂಬಿಕೆಗಳ ವ್ಯವಸ್ಥೆ ಎನ್ನಲು ನನ್ನ ಅಡ್ಡಿಯಿಲ್ಲ. ಆದರೆ ಅದರ ಹೆಸರು ಮಾನವತಾವಾದ.

‘ಕೋರ್ಟೇ ನಾಸ್ತಿಕತೆಯನ್ನು ಧರ್ಮ ಅಂದಿದೆಯಲ್ಲ?’ ಎಂದೂ ಕೇಳುತ್ತಾರೆ. 2005ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದರ ಮುಂದೆ, ನಾಸ್ತಿಕರ ಅಧ್ಯಯನ ಗುಂಪಿಗೆ ಜೈಲು ಅನುಮತಿ ನಿರಾಕರಿಸಿದ ಪ್ರಕರಣ ಬಂತು. ಧಾರ್ಮಿಕ ಸ್ವಾತಂತ್ರ್ಯವನ್ನು ಕಾಯುವ ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿಯ ರಕ್ಷಣೆಯ ಮಟ್ಟಿಗೆ ನಾಸ್ತಿಕತೆಯನ್ನು ಧರ್ಮದಂತೆ ಕಾಣಬೇಕು ಎಂದಿತು ನ್ಯಾಯಾಲಯ. ಅಲ್ಲಿ ತೀರ್ಮಾನವಾದದ್ದು ಹಕ್ಕಿನ ಪ್ರಶ್ನೆ. ಬೇರೆ ಗುಂಪುಗಳಿಗೆ ಸಿಗುವ ಕೋಣೆ, ಸಮಯ ಈ ಕೈದಿಗಳಿಗೂ ಸಿಗಬೇಕೇ ಎಂಬುದಷ್ಟೇ ವಿಷಯ. ಅವರ ತಲೆಯೊಳಗೆ ಇರುವುದು ನಂಬಿಕೆಯೋ ಅಲ್ಲವೋ ಎಂದು ಬಿಡಿಸಿ ಹೇಳಬೇಕಾದ ಅಗತ್ಯ ಅದಕ್ಕೆ ಇರಲಿಲ್ಲ.