ಸರ್ವಿಸ್ ಚಾರ್ಜ್ ತೆಗೆದ ಮೇಲೆ ಗಲ್ಲಾದಲ್ಲಿ ಕೂತು ಕಂಡದ್ದು

ಬೆಂಗಳೂರಿನ ಒಂದು ಫ್ಯಾಮಿಲಿ ರೆಸ್ಟೋರೆಂಟಿನ ಬಿಲ್ಲಿಂಗ್ ನನ್ನ ಕೆಲಸ. ಬಿಲ್ ನೋಡಿ ಗಿರಾಕಿ ಹುಬ್ಬು ಗಂಟಿಕ್ಕಿದರೆ ಸಪ್ಲೈಯರ್ ನನ್ನ ಕಡೆ ಕೈ ತೋರಿಸುತ್ತಾನೆ. ಹಾಗೆ ಬಂದ ಜಗಳಗಳಲ್ಲಿ ಹೆಚ್ಚಿನವು ಸರ್ವಿಸ್ ಚಾರ್ಜಿನವು, ಅಂದರೆ ಬಡಿಸಿದ್ದಕ್ಕೆಂದು ಹೋಟೆಲೇ ಬಿಲ್ಲಿಗೆ ಸೇರಿಸುತ್ತಿದ್ದ ಹಣದವು.

ಸಾವಿರ ರೂಪಾಯಿ ಊಟಕ್ಕೆ ಶೇ 10ರಂತೆ 100 ಸೇರುತ್ತಿತ್ತು. ಆಮೇಲೆ ಆ 1,100ರ ಮೇಲೆ ಶೇ 5 ಜಿಎಸ್‌ಟಿ ಬಿದ್ದು 1,155. ಸರ್ವಿಸ್ ಚಾರ್ಜಿನ ಸಾಲು ಇಲ್ಲದಿದ್ದರೆ 1,050. ಹೆಚ್ಚಾದ 105ರಲ್ಲಿ ಸರ್ಕಾರಕ್ಕೆ ಹೋಗುವುದು 5 ರೂಪಾಯಿ ಮಾತ್ರ. ಜಿಎಸ್‌ಟಿ ಪಕ್ಕದಲ್ಲೇ ಅಚ್ಚಾಗುತ್ತಿದ್ದರಿಂದ ಎಷ್ಟೋ ಜನ ಅದನ್ನೂ ತೆರಿಗೆ ಅಂದುಕೊಂಡೇ ಕೊಟ್ಟು ಹೋಗುತ್ತಿದ್ದರು.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಹೇಳಿತ್ತು: ಬಿಲ್ಲಿಗೆ ತಾನಾಗಿ ಸೇರಿಸಬೇಡಿ, ಬೇರೆ ಹೆಸರಿನಲ್ಲೂ ಬೇಡ. ಹೋಟೆಲ್ ಸಂಘಟನೆಗಳು ದೆಹಲಿ ಹೈಕೋರ್ಟಿನಿಂದ ತಡೆ ತಂದವು. 2025ರ ಮಾರ್ಚ್ 28ರಂದು ಅದೇ ಕೋರ್ಟು ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ನಮ್ಮಲ್ಲೂ ಸಾಫ್ಟ್‌ವೇರಿನಿಂದ ಆ ಸಾಲು ಹೋಯಿತು. ಸರಿಯಾದ ತೀರ್ಪೇ, ಕೇಳದೆ ವಸೂಲು ಮಾಡುವ ದುಡ್ಡನ್ನು ಮೆಚ್ಚುಗೆ ಅನ್ನಲಾಗದು.

ಆದರೆ ಒಳಗಿನ ಲೆಕ್ಕ ಬೇರೆ ಇತ್ತು. ನಮ್ಮಲ್ಲಿ ಆ ಹಣದಲ್ಲಿ ಒಡೆದ ಪಿಂಗಾಣಿಯ ಬಾಬ್ತು ಕಳೆದು, ಉಳಿದದ್ದನ್ನು ತಿಂಗಳಿಗೊಮ್ಮೆ ಪಾಯಿಂಟ್ ಪ್ರಕಾರ ಹಂಚುತ್ತಿದ್ದರು. ಸಪ್ಲೈಯರ್‌ಗಳನ್ನು ನೋಡಿಕೊಳ್ಳುವ ಕ್ಯಾಪ್ಟನ್‌ಗೆ ಜಾಸ್ತಿ, ಸಪ್ಲೈಯರ್‌ಗೆ ಅದಕ್ಕಿಂತ ಕಡಿಮೆ, ಪಾತ್ರೆ ತೊಳೆಯುವವರಿಗೆ ಎಲ್ಲರಿಗಿಂತ ಕಡಿಮೆ. ಕಡಿಮೆಯಾದರೂ ಅವರಿಗೆ ಗಿರಾಕಿಯ ಕಡೆಯಿಂದ ಬರುತ್ತಿದ್ದದ್ದು ಅದೊಂದೇ. ಟೇಬಲ್ ಮೇಲಿನ ಟಿಪ್ಸು ನಗುತ್ತಾ ಬಡಿಸಿದವನ ಜೇಬಿಗೆ ಹೋಗುತ್ತದೆ. ಹಿಂದುಗಡೆ ಬಿಸಿನೀರಿನಲ್ಲಿ ಕೈ ಸುಟ್ಟುಕೊಳ್ಳುವವರ ಮುಖ ಯಾರು ನೋಡಿದ್ದಾರೆ?

ಇನ್ನು ಟಿಪ್ಸಿನ ಕಥೆ. ಗಲ್ಲಾದಲ್ಲಿ ಒಂದು ಹಳೇ ಉಪಾಯವಿದೆ. 430ರ ಬಿಲ್ಲಿಗೆ ಐನೂರು ಕೊಟ್ಟರೆ ಚಿಲ್ಲರೆಯನ್ನು ಐವತ್ತರ ಒಂದು, ಹತ್ತರ ಎರಡು ನೋಟು ಮಾಡಿ ಫೋಲ್ಡರಿನಲ್ಲಿಡಬೇಕು. ಐವತ್ತು ಗಿರಾಕಿಯ ಜೇಬಿಗೆ, ಇಪ್ಪತ್ತು ಬಡಿಸಿದ ಹುಡುಗನಿಗೆ. ಕ್ಯೂಆರ್ ಬಂದ ಮೇಲೆ ಚಿಲ್ಲರೆಯೂ ಇಲ್ಲ, ಉಪಾಯವೂ ಇಲ್ಲ. ಕೆಲವರು ಐವತ್ತು ಹೆಚ್ಚಿಗೆ ಸ್ಕ್ಯಾನ್ ಮಾಡಿ ‘ಅವನಿಗೆ ಕೊಡಿ’ ಅನ್ನುತ್ತಾರೆ. ಅದು ಬೀಳುವುದು ಮಾಲೀಕರ ಖಾತೆಗೆ. ನಾನು ಗಲ್ಲಾದಿಂದ ಐವತ್ತು ತೆಗೆದು, ಚೀಟಿ ಬರೆದಿಟ್ಟು, ರಾತ್ರಿ ಲೆಕ್ಕ ಹೊಂದಿಸುತ್ತೇನೆ. ಎಲ್ಲ ಕ್ಯಾಷಿಯರೂ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆ ಅಂತ ನಂಬಬೇಡಿ. ಕೊಡುವ ಮನಸ್ಸಿದ್ದರೆ ನೋಟೇ ಕೊಡಿ.

ಎಲ್ಲಾದರೂ ಬಿಲ್ಲಿನಲ್ಲಿ ಆ ಸಾಲು ಇನ್ನೂ ಕಂಡರೆ, ದುಡ್ಡು ಕಟ್ಟುವ ಮುಂಚೆ ತೆಗೆಯಲು ಹೇಳಿ. ಸಪ್ಲೈಯರ್ ಮೇಲೆ ರೇಗಿ ಪ್ರಯೋಜನವಿಲ್ಲ, ಬಿಲ್ ತಿದ್ದುವ ಪಾಸ್‌ವರ್ಡ್ ಅವನ ಹತ್ತಿರ ಇರುವುದಿಲ್ಲ. ಮ್ಯಾನೇಜರ್ ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ನಮ್ಮ ಮಾಲೀಕರು ಮೆನು ದರ ಏರಿಸಿದರು. ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ತೊಳೆಯುವವರ ಸಂಬಳಕ್ಕೂ ಸ್ವಲ್ಪ ಸೇರಿಸಿ ಅಂತ ಕ್ಯಾಪ್ಟನ್ ಮತ್ತು ನಾನು ಹೋಗಿ ಕೇಳಿದೆವು. ‘ನೋಡೋಣ’ ಅಂದಿದ್ದಾರೆ. ಮುಂದಿನ ತಿಂಗಳು ಮತ್ತೆ ಹೋಗುತ್ತೇವೆ.