ಹಿಂದಿನ ಸಂಜೆ ಬರೆದಿಟ್ಟ ಗುರಿ

ಶಿವಮೊಗ್ಗದ ಒಂದು ಆಡಿಟರ್ ಕಚೇರಿಯಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. 2017ರ ಜುಲೈನಲ್ಲಿ ಜಿಎಸ್‌ಟಿ ಜಾರಿಗೆ ಬಂದಾಗಿನಿಂದ ಆ ವಿಭಾಗದ ಹೊಣೆ ನನ್ನದು. ತಿಂಗಳ 11ರೊಳಗೆ ಮಾರಾಟದ ವಿವರ ಸಲ್ಲಿಸಬೇಕು, 14ಕ್ಕೆ ಪೋರ್ಟಲ್‌ನಲ್ಲಿ ಸಿದ್ಧವಾಗುವ, ಮಾರಿದವರು ಕೊಟ್ಟ ವಿವರಗಳ 2ಬಿ ಪಟ್ಟಿಯೊಂದಿಗೆ ಖರೀದಿ ಬಿಲ್‌ಗಳನ್ನು ತಾಳೆ ನೋಡಬೇಕು, 20ರೊಳಗೆ ತಿಂಗಳ ತೆರಿಗೆಯ ಲೆಕ್ಕ ಒಪ್ಪಿಸುವ 3ಬಿ ರಿಟರ್ನ್ ಹೋಗಬೇಕು. ತಪ್ಪಿದರೆ ದಿನಕ್ಕಿಷ್ಟೆಂದು ಲೇಟ್ ಫೀ, ಕಟ್ಟದೆ ಉಳಿದ ತೆರಿಗೆಯ ಮೇಲೆ ವರ್ಷಕ್ಕೆ ಶೇ. 18ರ ಬಡ್ಡಿ. ಈ ತಾರೀಕುಗಳು ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಹಾಗಿದ್ದರೂ ತಿಂಗಳ ಮೊದಲ ಹತ್ತು ದಿನ ಹೇಗೋ ಕಳೆದುಹೋಗಿ, 17ರಿಂದ ನಾಲ್ಕು ದಿನ ಆರು ಜನರೂ ರಾತ್ರಿ ಹತ್ತರವರೆಗೆ ಕೂತು, ಸರ್ವರ್ ನಿಧಾನವಾಯಿತೆಂದು ತಲೆ ಮೇಲೆ ಕೈ ಹೊತ್ತುಕೊಳ್ಳುವುದು ವಾಡಿಕೆಯಾಗಿತ್ತು.

ಇದನ್ನು ನಾನು ಬಹಳ ಕಾಲ ಸೋಮಾರಿತನವೆಂದೇ ತಿಳಿದಿದ್ದೆ. ತಿಳಿದಿದ್ದಷ್ಟೇ ಅಲ್ಲ, ಕಿರಿಯರಿಗೆ ಎಲ್ಲರೆದುರು ಹಾಗೆಂದು ಹೇಳಿಯೂ ಇದ್ದೆ. ನನ್ನ ತಿಳಿವಳಿಕೆ ತಪ್ಪೆಂದು ತೋರಿಸಿಕೊಟ್ಟದ್ದು ಮೈಸೂರಿನಲ್ಲೇ ನಡೆದ ಒಂದು ಪ್ರಯೋಗ. ಅರ್ಥಶಾಸ್ತ್ರಜ್ಞರಾದ ಸುಪ್ರೀತ್ ಕೌರ್, ಮೈಕೆಲ್ ಕ್ರೆಮರ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಅಲ್ಲಿನ ಡೇಟಾ ಎಂಟ್ರಿ ಕೆಲಸಗಾರರೊಂದಿಗೆ 13 ತಿಂಗಳ ಕಾಲ ನಡೆಸಿ, 2015ರಲ್ಲಿ ಪ್ರಕಟಿಸಿದ ಅಧ್ಯಯನವದು. ಕೆಲಸಗಾರರಿಗೆ ತಪ್ಪಿಲ್ಲದೆ ತುಂಬಿದಷ್ಟಕ್ಕೆ ಹಣ ಸಿಗುತ್ತಿತ್ತು. ಸಂಬಳ ವಾರಕ್ಕೊಮ್ಮೆ. ಎಲ್ಲ ದಿನವೂ ದರ ಒಂದೇ ಆಗಿದ್ದರೂ, ಸಂಬಳದ ದಿನ ಹತ್ತಿರವಾದಂತೆ ಕೆಲಸ ಏರುತ್ತ ಹೋಗಿ, ವಾರದ ಆರಂಭಕ್ಕಿಂತ ಬಟವಾಡೆಯ ದಿನ ಸುಮಾರು ಶೇ. 8ರಷ್ಟು ಹೆಚ್ಚು ಆಗುತ್ತಿತ್ತು. ಬೇರೆ ಬೇರೆ ಗುಂಪಿಗೆ ಬೇರೆ ಬೇರೆ ದಿನ ಬಟವಾಡೆ ಇಟ್ಟಿದ್ದರಿಂದ, ಇದು ವಾರದ ಗುಣವಲ್ಲ, ಪ್ರತಿಫಲ ಕಣ್ಣೆದುರಿಗೆ ಬಂದುದರ ಗುಣ ಎಂಬುದು ಸ್ಪಷ್ಟವಾಯಿತು. ಇಲ್ಲಿಯವರೆಗೆ ಓದಿದಾಗಲೇ ನಮ್ಮ 17ರ ರಾತ್ರಿಗಳು ನೆನಪಾದವು.

ಮುಂದಿನ ಭಾಗ ಇನ್ನೂ ವಿಚಿತ್ರವಾಗಿದೆ. ಕೆಲವು ದಿನಗಳಲ್ಲಿ ಕೆಲಸಗಾರರಿಗೆ ಒಂದು ಆಯ್ಕೆ ಕೊಟ್ಟರು: ನಿಮ್ಮ ಗುರಿಯನ್ನು ನೀವೇ ಗೊತ್ತುಮಾಡಿಕೊಳ್ಳಿ, ಮುಟ್ಟಿದರೆ ಎಂದಿನ ದರ, ಮುಟ್ಟದಿದ್ದರೆ ಅರ್ಧ ದರ. ಲೆಕ್ಕ ಹಾಕಿದರೆ ಇದರಲ್ಲಿ ನಷ್ಟದ ಸಾಧ್ಯತೆಯ ಹೊರತು ಒಂದು ಪೈಸೆಯ ಲಾಭವೂ ಇಲ್ಲ, ಗುರಿ ಸೊನ್ನೆ ಎಂದು ಬರೆದು ಕುಳಿತಿದ್ದರೂ ಯಾರೂ ಕೇಳುತ್ತಿರಲಿಲ್ಲ. ಆದರೂ ಅವಕಾಶ ಸಿಕ್ಕಾಗ ನೂರಕ್ಕೆ 36 ಬಾರಿ ಅವರು ತಮ್ಮನ್ನು ತಾವೇ ಕಟ್ಟಿಹಾಕಿಕೊಂಡರು, ಮತ್ತು ಈ ಅವಕಾಶವೊಂದರಿಂದಲೇ, ಕೂಲಿಯ ದರವನ್ನು ಶೇ. 18ರಷ್ಟು ಏರಿಸಿದ್ದರೆ ಎಷ್ಟು ಹೆಚ್ಚುತ್ತಿತ್ತೋ ಅಷ್ಟು ಕೆಲಸ ಹೆಚ್ಚಿತು. ಸೋಮಾರಿಯಾದವನು ತನಗೆ ತಾನೇ ದಂಡ ಹಾಕಿಕೊಳ್ಳಲು ಮುಂದಾಗುವುದಿಲ್ಲ. ಆ ಜನರಿಗೆ ತಮ್ಮ ಮನಸ್ಸಿನ ಗುಣ ಗೊತ್ತಿತ್ತು, ಅದನ್ನು ಹಿಡಿದಿಡಲು ಒಂದು ಆಸರೆ ಬೇಕಿತ್ತು. ಇದನ್ನು ಓದಿದ ದಿನ, ಸೋಮಾರಿಯೆಂದು ನಾನು ಬೈದಿದ್ದ ನಮ್ಮ ಕಚೇರಿಯ ಒಬ್ಬ ಹುಡುಗಿಯ ಮುಖ ಕಣ್ಣ ಮುಂದೆ ಬಂದು ನಿಜವಾಗಿಯೂ ನೋವಾಯಿತು.

ನಾವು ದಂಡದ ಗೋಜಿಗೆ ಹೋಗಲಿಲ್ಲ, ಗುರಿಯನ್ನು ಮಾತ್ರ ತೆಗೆದುಕೊಂಡೆವು. ಸಂಜೆ ಆರಕ್ಕೆ ಕಾಲು ಗಂಟೆ ಇರುವಾಗ ಕಂಪ್ಯೂಟರ್ ಮುಚ್ಚಿ, ಪ್ರಿಂಟರ್ ಪಕ್ಕದಲ್ಲಿ ಬಿದ್ದಿರುವ ಒಂದು ಬದಿ ಖಾಲಿ ಇರುವ ಹಾಳೆಗಳನ್ನು ಅರ್ಧಕ್ಕೆ ಹರಿದು, ನಾಳೆ ಮಾಡುವುದನ್ನು ಬರೆದು ಕೀಬೋರ್ಡಿನ ಕೆಳಗೆ ಸಿಕ್ಕಿಸಿ ಹೊರಡುವುದು, ಇಷ್ಟೇ. ಮೊದಲ ತಿಂಗಳು ನಾನೊಂದು ತಪ್ಪು ಮಾಡಿದೆ. ಯಾರಿಗೆ ಎಷ್ಟು ಫೈಲ್ ಎಂದು ನಾನೇ ಬರೆದುಕೊಟ್ಟೆ. ಹಾಳೆಗಳು ಕೀಬೋರ್ಡಿನ ಕೆಳಗೇ ಉಳಿದವು, ಕೆಲಸ ಮಾತ್ರ ಹಳೆಯ ದಾರಿಯಲ್ಲೇ ನಡೆಯಿತು. ಮೈಸೂರಿನವರು ತಮ್ಮ ಗುರಿಯನ್ನು ತಾವೇ ಇಟ್ಟುಕೊಂಡಿದ್ದರು ಎಂಬ ಮುಖ್ಯ ಸಂಗತಿಯನ್ನೇ ನಾನು ಮರೆತಿದ್ದೆ. ವರ್ತನಾ ವಿಜ್ಞಾನದ ಹೆಸರಿನಲ್ಲಿ ಮೇಲಿನವರು ಕೆಳಗಿನವರ ಮೇಲೆ ಹೇರುವ ಏರ್ಪಾಡುಗಳ ಬಗ್ಗೆ ನನಗೆ ಅಂದಿನಿಂದ ಅನುಮಾನ. ಎರಡನೆಯ ತಿಂಗಳಿಂದ ಅವರವರೇ ಬರೆಯತೊಡಗಿದರು, ನಾನು ಓದುವುದನ್ನೂ ಬಿಟ್ಟೆ. ನಾನು ಬೈದಿದ್ದ ಹುಡುಗಿಯೇ ಒಮ್ಮೆ ತನ್ನ ಹಾಳೆಯನ್ನು ತೋರಿಸಿದಳು: ‘ಹನ್ನೊಂದರೊಳಗೆ ಅಕ್ಕಿ ಗಿರಣಿಯ ಖರೀದಿ ಬಿಲ್ ತಾಳೆ. ಅಲ್ಲಿಯವರೆಗೆ ಫೋನ್ ಬ್ಯಾಗಿನಲ್ಲಿ.’ ಎಷ್ಟು ಸರಳವೋ ಅಷ್ಟು ಖಚಿತ.

ನಮ್ಮ ತಡಕ್ಕೆ ಅರ್ಧ ಕಾರಣ ಕಕ್ಷಿದಾರರು ಬಿಲ್ ತಡವಾಗಿ ತರುವುದು. ಅದಕ್ಕೆ ಮನಶ್ಶಾಸ್ತ್ರಜ್ಞ ಪೀಟರ್ ಗೊಲ್‌ವಿಟ್ಜರ್ ಹೇಳಿದ ಮಾತು ಉಪಯೋಗಕ್ಕೆ ಬಂತು. ಮಾಡುತ್ತೇನೆ ಎಂದುಕೊಳ್ಳುವುದು ಬೇರೆ. ಇಂಥ ಹೊತ್ತು ಬಂದಾಗ, ಇಂಥ ಜಾಗದಲ್ಲಿ, ಹೀಗೆ ಮಾಡುತ್ತೇನೆ ಎಂದು ಮೊದಲೇ ನಿಶ್ಚಯಿಸುವುದು ಬೇರೆ, ಮತ್ತು ಎರಡನೆಯದು ಕಾರ್ಯಕ್ಕೆ ಇಳಿಯುವುದು ಹೆಚ್ಚು. 2006ರಲ್ಲಿ ಅವರೂ ಪ್ಯಾಸ್ಕಲ್ ಶೀರನ್ ಅವರೂ 94 ಪರೀಕ್ಷೆಗಳನ್ನು ಒಟ್ಟಿಗೆ ಪರಿಶೀಲಿಸಿ ಇದನ್ನು ಖಚಿತಪಡಿಸಿದ್ದಾರೆ. ‘ಹತ್ತನೇ ತಾರೀಕಿನೊಳಗೆ ಕಳಿಸಿ ಸರ್’ ಎಂದು ನಾವು ಕೇಳುತ್ತಿದ್ದೆವು, ‘ಕಳಿಸ್ತೀನಿ ಬಿಡಿ ಮೇಡಂ’ ಎಂಬ ಉತ್ತರ ಬರುತ್ತಿತ್ತು, 18ರವರೆಗೆ ಸುದ್ದಿಯಿರುತ್ತಿರಲಿಲ್ಲ. ಈಗ ನಾವು ಮೂರು ಪ್ರಶ್ನೆ ಕೇಳುತ್ತೇವೆ: ಯಾವ ದಿನ, ಎಷ್ಟು ಹೊತ್ತಿಗೆ, ಯಾರ ಕೈಯಲ್ಲಿ? ಹಾರ್ಡ್‌ವೇರ್ ಅಂಗಡಿಯ ಯಜಮಾನರೊಬ್ಬರು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗುರುವಾರ ಮಗ ಬ್ಯಾಂಕಿಗೆ ಬರ್ತಾನಲ್ಲ ಮೇಡಂ, ಹನ್ನೊಂದು ಗಂಟೆ ಹೊತ್ತಿಗೆ ಅವನ ಕೈಲೇ ಕೊಟ್ಟು ಕಳಿಸ್ತೀನಿ’ ಎಂದರು. ಆ ಗುರುವಾರ ಬಟ್ಟೆಯ ಚೀಲದಲ್ಲಿ ಬಿಲ್ ಬಂತು. ಎಲ್ಲರೂ ಹೀಗೆ ಎನ್ನಲಾರೆ; ಆದರೆ ಆ ಮೌನದ ಕ್ಷಣದಲ್ಲೇ ಕೆಲಸ ಆಗುತ್ತದೆ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಆಗಲೇ ಅವರು ತಮ್ಮ ವಾರವನ್ನು ಮನಸ್ಸಿನಲ್ಲಿ ಒಮ್ಮೆ ನಡೆದು ನೋಡುತ್ತಾರೆ.

ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂಬ ನಮ್ಮ ಅಂದಾಜು ಸದಾ ಕಡಿಮೆಯೇ. 1994ರಲ್ಲಿ ಪ್ರಕಟವಾದ ಒಂದು ಕೆನಡಾದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 33.9 ದಿನಗಳಲ್ಲಿ ಮುಗಿಯುತ್ತದೆ ಎಂದಿದ್ದರು, ಹಿಡಿದದ್ದು 55.5 ದಿನ. ಎಲ್ಲವೂ ಕೆಟ್ಟರೆ ಎಷ್ಟಾದೀತು ಎಂದು ಕೇಳಿದಾಗ ಹೇಳಿದ್ದಕ್ಕಿಂತಲೂ ಅದು ಹೆಚ್ಚಾಗಿತ್ತು. ಹಾಗಾಗಿ ಅಂದಾಜು ಕೇಳುವುದನ್ನು ಬಿಟ್ಟು, ಪ್ರತಿ ಫೈಲಿಗೆ ಕಳೆದ ತಿಂಗಳು ನಿಜವಾಗಿ ಹಿಡಿದ ಸಮಯವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇವೆ. ಎರಡು ಗಂಟೆಯೆಂದು ಎಲ್ಲರೂ ನಂಬಿದ್ದ ಒಂದು ಜವಳಿ ಅಂಗಡಿಯ ತಾಳೆ ಕೆಲಸ ಸತತವಾಗಿ ಐದು ಗಂಟೆ ನುಂಗುತ್ತಿತ್ತು.

ಕಳೆದ ತಿಂಗಳ 20ರಂದು ಸಂಜೆ ಏಳೂವರೆಗೆ ನಮ್ಮಲ್ಲಿ ಎರಡು ಫೈಲ್‌ಗಳು ಬಾಕಿ ಇದ್ದವು. ಎರಡರ ಬಿಲ್‌ಗಳೂ ಅಂದೇ ಮಧ್ಯಾಹ್ನ ಬಂದಿದ್ದವು, ಎರಡೂ ಕಡೆ ನಾನು ಮೂರನೆಯ ಪ್ರಶ್ನೆಯನ್ನು ಕೇಳಿರಲಿಲ್ಲ. ಎಂಟೂವರೆಗೆ ಅವೂ ಸಲ್ಲಿಕೆಯಾದವು. ಬೀಗ ಹಾಕುವ ಮುನ್ನ ಆ ಇಬ್ಬರ ಹೆಸರನ್ನು ಅರ್ಧ ಹಾಳೆಯಲ್ಲಿ ಬರೆದು, ನನ್ನ ಕೀಬೋರ್ಡಿನ ಕೆಳಗೆ ಇಟ್ಟು ಬಂದೆ.